ಅಡಿಗೆ ಡಿಪಾರ್ಟ್‌ಮೆಂಟಿನ ನೀಲಾ ಮೇಡಂ

ನೀಲಾ ಮೇಡಂ ಸಿಟ್ಟು ಬಂದಾಗ ಹಣೆ ಒರೆಸಿಕೊಳ್ಳುತ್ತಿದ್ದರು. ಸೆರಗಿನ ತುದಿಯಿಂದ, ಅದೂ ಜೋರಾಗಿ. ಹೀಗಾಗಿ ಬೆಳಿಗ್ಗೆ ದುಂಡಗೆ ಇಟ್ಟುಕೊಂಡು ಬಂದ ಕುಂಕುಮ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ತನಕ ಹರಡಿರುತ್ತಿತ್ತು. ಅವರು ಕ್ಲಾಸಿನ ಬಾಗಿಲಿಗೆ ಬಂದ ಕೂಡಲೇ ನಾವು ಹುಡುಗಿಯರು ಮೊದಲು ನೋಡುತ್ತಿದ್ದುದು ಹಣೆಯನ್ನೇ. ಕುಂಕುಮ ಇದ್ದಲ್ಲೇ ಇದ್ದರೆ ಪಾಠ ಸುಸೂತ್ರ. ಹರಡಿದ್ದರೆ ಆಫೀಸಿನಲ್ಲಿ ಯಾರೋ ಏನೋ ಅಂದಿದ್ದಾರೆ ಎಂದು ಅರ್ಥ. ಅನ್ನುತ್ತಿದ್ದುದಾದರೂ ಏನು? ವರ್ಷವಿಡೀ ಅದೇ ಹಳಸಲು ಮಾತು: "ಏನ್ರಿ ಮೇಡಂ, ನಿಮ್ಮ ಅಡಗಿ ಡಿಪಾರ್ಟ್‌ಮೆಂಟಿನ್ಯಾಗ ಇವತ್ತೇನು ಸ್ಪೆಷಲ್?"

ನಾನು ಗದಗದ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದಿದ್ದು ಆಹಾರ ಮತ್ತು ಪಥ್ಯಶಾಸ್ತ್ರವನ್ನು. ಯಾವ ರೋಗಿಗೆ ಯಾವ ಊಟ, ಎಷ್ಟು, ಯಾಕೆ ಎಂದು ಕಲಿಸುವ ವಿದ್ಯೆ ಅದು. ಇದನ್ನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ! ಲಕ್ಷ್ಮೇಶ್ವರದಲ್ಲಿ ಅಬ್ಬಾನದು ಬಳೆ ಅಂಗಡಿ. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರು ಕೈ ಚಾಚಿ ಕುಳಿತೇ ಅಬ್ಬಾನನ್ನು ಕೇಳುತ್ತಿದ್ದರು: "ಅಲ್ರಿ ಸಾಹೇಬ್ರ, ಅಡಗಿ ಕಲಿಯಾಕ ಮಗಳನ್ನ ದಿನಾ ಗದಗಕ್ಕ ಕಳಸ್ತೀರಲ್ಲ, ಮನ್ಯಾಗ ಅವರವ್ವ ಇಲ್ಲೇನು?" ಅಬ್ಬಾ ನಕ್ಕು ಮುಂದಿನ ಬಳೆ ಏರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಿಡ್ನಿ ಕೆಟ್ಟವನ ತಲೆದಿಂಬಿನ ಹತ್ತಿರ ನೆಂಟರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತಂದಿಡುತ್ತಾರಲ್ಲ, ಅದರಿಂದ ಅವನ ಎದೆಬಡಿತವೇ ತಪ್ಪಬಹುದು ಎಂದು ಯಾರ ಅವ್ವ ಹೇಳಿಕೊಡುತ್ತಾಳೆ?

ಬಸ್ಸಿನಲ್ಲಿ ನುಂಗಿಕೊಂಡು ಬಂದ ಈ ಸಿಟ್ಟಿಗೆ ನೀಲಾ ಮೇಡಂ ಕ್ಲಾಸಿನಲ್ಲಿ ಜಾಗವಿತ್ತು. ಬೆಟಗೇರಿಯವರು. ಗಂಡ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮೇಡಂ ನಮ್ಮ ವಿಷಯದಲ್ಲಿ ಚಿನ್ನದ ಪದಕ ಪಡೆದವರು, ಆದರೂ ಎಷ್ಟೋ ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿಯೇ ಉಳಿದಿದ್ದರು. ಅತಿಥಿ! ಎಂಥ ಚಂದದ ಹೆಸರು ನೋಡಿ. ಮನೆಗೆ ಬಂದ ಅತಿಥಿಗೆ ಕಾಲಿಗೆ ನೀರು ಕೊಡುತ್ತೇವೆ. ಕಾಲೇಜಿಗೆ ಬಂದ ಅತಿಥಿಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಕರೆಯಬೇಕು, ಕರೆಯದಿದ್ದರೆ ಯಾಕೆಂದು ಆಕೆ ಕೇಳುವಂತಿಲ್ಲ. ಪ್ರತಿ ಬೇಸಿಗೆಯಲ್ಲೂ ಮೇಡಂ ಈ ಕರೆಗಾಗಿ ಕಾಯಬೇಕಾಗುತ್ತಿತ್ತು. ಅವರಿಲ್ಲದಿದ್ದರೆ ನಮ್ಮ ವಿಭಾಗದಲ್ಲಿ ಪಥ್ಯದ ಪಾಠ ಹೇಳಲು ಇನ್ನೊಬ್ಬರಿರಲಿಲ್ಲ ಎಂಬುದು ಬೇರೆ ಮಾತು.

ಮೊದಲ ವಾರದಲ್ಲೇ ಅವರು ನಮ್ಮ ಸೊಕ್ಕು ಮುರಿದರು. ಸಕ್ಕರೆ ಕಾಯಿಲೆಯವರಿಗೆ ಒಂದು ದಿನದ ಊಟದ ಚಾರ್ಟ್ ಬರೆದುಕೊಂಡು ಬನ್ನಿ ಎಂದಿದ್ದರು. ನಾವು ಪುಸ್ತಕ ನೋಡಿ ಬರೆದೆವು. ಮಧ್ಯಾಹ್ನಕ್ಕೆ ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ. ಮೇಡಂ ಚಾರ್ಟ್ ಎತ್ತಿ ಹಿಡಿದು ಕೇಳಿದರು:

"ಎರಡು ರೊಟ್ಟಿ ಅಂತ ಬರದೀರಲ್ಲ, ಯಾರ ಮನಿ ರೊಟ್ಟಿ?"

ಮರುದಿನ ಎಲ್ಲರೂ ಮನೆಯಿಂದ ಒಂದೊಂದು ರೊಟ್ಟಿ ತರಬೇಕೆಂದು ಅಪ್ಪಣೆಯಾಯಿತು. ತಂದೆವು. ಮುಂಡರಗಿ ಕಡೆಯ ಗಂಗಾ ತಂದ ಜೋಳದ ರೊಟ್ಟಿ ಅಗಲವಾದ ತಾಟನ್ನೂ ಮೀರಿ ಹೊರಗೆ ಚಾಚಿತ್ತು. ನನ್ನ ಅಮ್ಮಿಯದು ಹಪ್ಪಳದಷ್ಟು ತೆಳು. ತಕ್ಕಡಿಯಲ್ಲಿಟ್ಟರೆ ಗಂಗಾಳ ಒಂದು ರೊಟ್ಟಿ ನಮ್ಮ ಮನೆಯ ಎರಡಕ್ಕಿಂತ ಭಾರ! ನಮ್ಮ ಚಾರ್ಟನ್ನು ನಂಬಿದ ಮುಂಡರಗಿಯ ರೋಗಿಗೆ ಸಕ್ಕರೆ ಏರುತ್ತಿತ್ತು, ಲಕ್ಷ್ಮೇಶ್ವರದವನು ಹಸಿದು ತಲೆ ತಿರುಗಿ ಬೀಳುತ್ತಿದ್ದ.

"ಅಂದಾಜಿಲೆ ಹೇಳಾಕ ಊರ ತುಂಬ ಮಂದಿ ಅದಾರ. ನೀವು ಕಲ್ತೋರು. ತೂಗಿ ನೋಡಿ ಹೇಳ್ರಿ" ಎಂದು ಮೇಡಂ ಆ ರೊಟ್ಟಿಗಳನ್ನೆಲ್ಲ ಹರಿದು ಹಂಚಿದರು. ಯಾರೋ ಶೇಂಗಾ ಹಿಂಡಿ ತಂದಿದ್ದರು. ಅವತ್ತಿನ ಪಾಠ ತಿಂದೇ ಮುಗಿಯಿತು.

ಅವರ ಸಿಟ್ಟು ಆಫೀಸಿನವರಿಗಷ್ಟೇ ಮೀಸಲಾಗಿರಲಿಲ್ಲ, ನಮಗೂ ಸಿಗುತ್ತಿತ್ತು. ಒಮ್ಮೆ ಮುಂಡರಗಿ ಹತ್ತಿರದ ಹಳ್ಳಿಯೊಂದಕ್ಕೆ ಬಾಣಂತಿಯರ ಊಟ ವಿಚಾರಿಸಲು ಹೋಗಿದ್ದೆವು. ಒಂದು ಮನೆಯಲ್ಲಿ ಹೊರಸಿನ ಮೇಲೆ ಎಳೆಯ ವಯಸ್ಸಿನ ಬಾಣಂತಿ, ಬಾಗಿಲಲ್ಲಿ ಅವಳ ಅತ್ತೆ. ನಿನ್ನೆ ಏನೇನು ಉಂಡಿ ಎಂದು ನಾನು ಹುಡುಗಿಯನ್ನು ಕೇಳಿದರೆ ಅತ್ತೆಯೇ ಉತ್ತರ ಕೊಟ್ಟಳು: ಅನ್ನ, ತುಪ್ಪ, ಬ್ಯಾಳಿ, ಪಲ್ಲೆ, ಹಾಲು, ಅಂಟಿನ ಉಂಡಿ. ಪರವಾಗಿಲ್ಲವೇ, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನಾನು ಎಲ್ಲವನ್ನೂ ಬರೆದುಕೊಂಡೆ. ಹಿಂದೆ ನಿಂತಿದ್ದ ಮೇಡಂ ನನ್ನ ಕಿವಿಯಲ್ಲಿ ಗುರ್ ಅಂದರು.

"ನೀ ಬರಕೊಂಡಿದ್ದು ಅತ್ತಿ ಬಾಯಾಗಿನ ಊಟ. ಸೊಸಿ ಹೊಟ್ಟಿಯೊಳಗಿಂದು ಯಾರ ಬರಕೊಳ್ಳೋರು?"

ಆಮೇಲೆ ಮುಖದ ತುಂಬ ನಗೆ ತಂದುಕೊಂಡು, "ಯಕ್ಕಾ, ಹಿತ್ತಲದಾಗ ಆಕಳ ಕಟ್ಟೀರಂತಲ್ಲ, ತೋರಸ್ರಿ ಬರ್ರಿ" ಎಂದು ಅತ್ತೆಯ ತೋಳು ಹಿಡಿದು ಕರೆದುಕೊಂಡು ಹೋದರು. ಅವರು ಮರೆಯಾದದ್ದೇ ತಡ ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಬರೇ ಅನ್ನ, ಮೆಣಸಿನ ಸಾರು ಅಕ್ಕಾ. ನೀರೂ ಬಾಯಿ ತೋಯುವಷ್ಟ ಕೊಡ್ತಾರ. ಬಾವು ಬರತೈತೆಂತ" ಎಂದಳು. ಕೂಸು ಹಾಲು ಸಾಲದೆ ಅಳುತ್ತಿತ್ತು. ಹಿತ್ತಲಿನಿಂದ ಮೇಡಂ ದನಿ ಕೇಳಿಸಿತು. "ಇದಕ್ಕ ಎಷ್ಟ್ ಬಕೆಟ್ ನೀರ್ ಇಡ್ತೀರಿ ಯಕ್ಕಾ? ಇಡಲಿಲ್ಲಂದ್ರ ಹಾಲು ಹಿಂಡ್ತೈತೇನು? ಮತ್ತ ಆ ಹುಡುಗಿ ಏನ್ ಪಾಪ ಮಾಡ್ಯಾಳ?" ಅತ್ತೆ ಮೊದಲು ಸಿಡುಕಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ತಂಬಿಗೆ ಕಾಯಿಸಿ ಆರಿಸಿದ ನೀರು ತಂದು ಹೊರಸಿನ ಹತ್ತಿರ ಇಟ್ಟಳು, ಯಾರ ಮುಖವನ್ನೂ ನೋಡದೆ.

ಇಂಥ ಗುರು ನಮಗಿದ್ದರು. ಇಂಥವರನ್ನು ಕಾಲೇಜು ಏನು ಮಾಡಿತು ಎಂದು ಹೇಳುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಕಾಲೇಜಿನಲ್ಲಿ ಏನೇ ಕಾರ್ಯಕ್ರಮವಿರಲಿ, ನಮ್ಮ ವಿಭಾಗಕ್ಕೆ ಹೇಳಿ ಕಳಿಸುತ್ತಿದ್ದರು. ಅತಿಥಿಗಳಿಗೆ ಉಪ್ಪಿಟ್ಟು, ಶಿರಾ, ಹುಡುಗಿಯರೇ ಮಾಡಬೇಕು, ಹುಡುಗಿಯರೇ ಬಡಿಸಬೇಕು. ಭೌತಶಾಸ್ತ್ರದ ಹುಡುಗರಿಗೆ ಕೆಟ್ಟ ಫ್ಯಾನು ರಿಪೇರಿ ಮಾಡಿ ಎಂದು ಯಾವತ್ತಾದರೂ ಹೇಳಿದ್ದರೇ? ವಾಣಿಜ್ಯದವರನ್ನು ಕ್ಯಾಂಟೀನಿನ ಗಲ್ಲಾ ಮೇಲೆ ಕೂರಿಸಿದ್ದರೇ? ಎಲ್ಲ ಭಾಗ್ಯ ನಮಗೇ. ನಾವು ಕೊನೆಯ ವರ್ಷಕ್ಕೆ ಬಂದಾಗ ಕಾಲೇಜನ್ನು ಪರಿಶೀಲಿಸಲು ಹೊರಗಿನಿಂದ ಒಂದು ಸಮಿತಿ ಬರುವುದೆಂದು ಗೊತ್ತಾಯಿತು. ಅದೇ ದಿನ ನಮಗೆ ದವಾಖಾನೆಯಲ್ಲಿ ಕಿಡ್ನಿ ರೋಗಿಗಳ ವಾರ್ಡಿನ ತರಬೇತಿ. ಮೇಡಂ ಡಾಕ್ಟರರ ಬೆನ್ನು ಬಿದ್ದು ಒಪ್ಪಿಸಿದ್ದ ದಿನ ಅದು. ಅಂಥ ದಿನವೇ ಪ್ರಾಚಾರ್ಯರಿಂದ ಅಪ್ಪಣೆ ಬಂತು, ಸಮಿತಿಯವರಿಗೆ ಹೋಳಿಗೆ ಊಟವಾಗಬೇಕೆಂದು.

ಮೇಡಂ ನನ್ನನ್ನೂ ಗಂಗಾಳನ್ನೂ ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಹೋದರು.

"ಸರ, ಅವತ್ತ ನಮ್ಮ ಹುಡುಗ್ಯಾರಿಗೆ ವಾರ್ಡಿನ್ಯಾಗ ಕೆಲಸ ಐತ್ರಿ. ಖಾನಾವಳಿಗೆ ಹೇಳ್ರಿ, ಊಟ ಕಳಸ್ತಾರ."

ಪ್ರಾಚಾರ್ಯರು ಕಾಗದದಿಂದ ತಲೆ ಎತ್ತಲಿಲ್ಲ. "ದವಾಖಾನಿ ಎಲ್ಲಿ ಓಡಿ ಹೊಕ್ಕೈತ್ರಿ ಮೇಡಂ? ಅವರಿಗೂ ಪ್ರಾಕ್ಟಿಕಲ್ ಆದಂಗ ಆತಲ್ಲ. ನಾಳೆ ಗಂಡನ ಮನ್ಯಾಗ ಉಪಯೋಗಕ್ಕ ಬರತೈತಿ."

ಮೇಡಂ ಕೈ ಹಣೆಗೆ ಹೋಯಿತು. ಇಲ್ಲಿಗೆ ಮುಗಿಯಿತು ನಮ್ಮ ಕಥೆ ಎಂದು ನಾನು ಗಂಗಾಳ ಕೈ ಗಟ್ಟಿಯಾಗಿ ಹಿಡಿದೆ. ಆದರೆ ಮೇಡಂ ತಣ್ಣಗೆ ಹೇಳಿದರು. "ಪ್ರಾಕ್ಟಿಕಲ್ ಅಂದ್ರಿ. ಆತ್ರಿ ಸರ, ಪ್ರಾಕ್ಟಿಕಲ್ಲೇ ಮಾಡ್ತೀವಿ."

ಸಮಿತಿ ಬಂದ ದಿನ ಊಟದ ಕೋಣೆಯ ಬಾಗಿಲಲ್ಲಿ ಮೇಡಂ ನಮ್ಮನ್ನು ಬಿಳಿ ಕೋಟು ತೊಡಿಸಿ ನಿಲ್ಲಿಸಿದರು. ಕೈ ತೊಳೆದು ಬಂದ ಪ್ರತಿಯೊಬ್ಬರನ್ನೂ ಬದಿಗೆ ಕರೆದು ಮೆಲ್ಲಗೆ ವಿಚಾರಿಸಬೇಕು: ಸಕ್ಕರೆ ಇದೆಯೇ, ಬಿಪಿ ಇದೆಯೇ, ಯಾವ ಗುಳಿಗೆ ನಡೆದಿದೆ? ಪಾಪ, ಅವರು ಇದೂ ಕಾಲೇಜಿನ ಏರ್ಪಾಡೇ ಇರಬೇಕೆಂದು ನಿಜ ನಿಜ ಹೇಳಿದರು. ಹೇಳಿದಂತೆ ಒಬ್ಬೊಬ್ಬರಿಗೂ ಬೇರೆ ಬೇರೆ ತಾಟು, ಎಲ್ಲವೂ ತೂಗಿ ಬಡಿಸಿದ್ದು. ಸಮಿತಿಯ ಅಧ್ಯಕ್ಷರಿಗೆ ಉಪ್ಪಿಲ್ಲದ ಪಲ್ಯ, ತಿಳಿ ಮಜ್ಜಿಗೆ. ಪ್ರಾಚಾರ್ಯರನ್ನು ನಾವು ಕೇಳುವ ಗೋಜಿಗೇ ಹೋಗಲಿಲ್ಲ. ಅವರು ಊಟಕ್ಕೆ ಮೊದಲು ಸಕ್ಕರೆ ಗುಳಿಗೆ ನುಂಗಿ, ಊಟದ ಮೇಲೆ ಎರಡು ಪೇಡೆ ತಿನ್ನುವುದನ್ನು ಕಾಲೇಜೇ ನೋಡಿತ್ತು. ಅವರ ತಾಟಿಗೆ ಒಂದೇ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಸೌತೆಕಾಯಿ.

"ಹೋಳಿಗಿ?" ಎಂದು ಅಧ್ಯಕ್ಷರು ಆಸೆಯಿಂದ ಕೇಳಿದರು.

"ಪ್ರಾಕ್ಟಿಕಲ್‌ನ್ಯಾಗ ಹೋಳಿಗಿ ಬರಂಗಿಲ್ರಿ ಸರ" ಎಂದರು ಮೇಡಂ. "ನಮ್ಮ ಹುಡುಗ್ಯಾರು ಕಲಿಯೂದು ಇದನ್ನ. ಇವತ್ತ ವಾರ್ಡಿನ್ಯಾಗ ಇರಬೇಕಿತ್ತು, ನಿಮ್ಮ ಸಲುವಾಗಿ ಇಲ್ಲಿ ನಿಂತಾರ."

ಸಮಿತಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಮಾತ್ರ ಬಾಯಿ ತುಂಬ ನಕ್ಕು, ತಮ್ಮ ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು ಎಂದು ಗಂಗಾಳನ್ನು ಹತ್ತಿರ ಕೂರಿಸಿಕೊಂಡು ಕೇಳಿದರು. ಪ್ರಾಚಾರ್ಯರು ಸೌತೆಕಾಯಿಯನ್ನು ಹಲ್ಲು ಕಡಿದಂತೆ ಕಡಿದರು. ನಾವು ಅಡಿಗೆ ಕೋಣೆಯಲ್ಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕದ್ದೇ ನಕ್ಕದ್ದು. ಮೇಡಂ ನಗಲಿಲ್ಲ. "ಸಾಕು, ಭಾಂಡೆ ತೊಳೀರಿ. ಸಂಜಿಮುಂದ ವಾರ್ಡಿಗೆ ಹೋಗೂದೈತಿ. ಡಾಕ್ಟರಗ ಕೈ ಮುಗದು ಕೇಳ್ಕೊಂಡೀನಿ" ಎಂದರು.

ಆ ಬೇಸಿಗೆಯಲ್ಲಿ ಅವರಿಗೆ ಕರೆ ಬರಲಿಲ್ಲ. ವರ್ಕ್‌ಲೋಡ್ ಇಲ್ಲ ಎಂಬುದು ಕಾರಣ. ನಾವು ಕೊನೆಯ ಸೆಮಿಸ್ಟರಿನಲ್ಲಿದ್ದವರು ಕ್ಲಾಸಿನಲ್ಲಿ ಕುಳಿತಿರುವಾಗ ವರ್ಕ್‌ಲೋಡ್ ಇಲ್ಲವಂತೆ! ನಾವೇನು ಗೋಡೆಗೆ ಒರಗಿಸಿಟ್ಟ ಕಸಬರಿಗೆಗಳೇ? ಎಲ್ಲರೂ ಕೂಡಿ ಪ್ರಾಚಾರ್ಯರ ಬಳಿ ಹೋದೆವು. "ಅಡಗಿ ವಿಷಯಕ್ಕ ಇಷ್ಟ್ಯಾಕ ಗದ್ದಲ? ಯಾರ ಬಂದ್ರೂ ಹೇಳ್ತಾರ" ಎಂದು ರಸಾಯನಶಾಸ್ತ್ರದ ಸರ್ ಒಬ್ಬರನ್ನು ಕಳಿಸಿದರು. ಆ ಸರ್ ಪುಸ್ತಕ ತೆರೆದು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಕ್ಲಾಸ್ ಬಿಟ್ಟು ಧರಣಿ ಕೂರುತ್ತೇವೆ ಎಂದು ಬೆಟಗೇರಿಗೆ ಹೇಳಲು ಹೋದರೆ ಮೇಡಂ ಬಾಗಿಲಲ್ಲೇ ಹಿಡಿದು ಬೈದರು. "ಕ್ಲಾಸ್ ಬಿಟ್ಟ್ರ ಯಾರದು ಹೋತು? ನಂದೇನು, ಅವರದೇನು? ನಿಮ್ಮದ ಹೋತು. ನಡೀರಿ!"

ಈಗ ನಾನು ಗದಗದ ಖಾಸಗಿ ದವಾಖಾನೆಯೊಂದರಲ್ಲಿ ಪಥ್ಯತಜ್ಞೆ. ಹೋದ ವರ್ಷ ಬೆಟಗೇರಿಯಲ್ಲಿ ಮೇಡಂ ತಮ್ಮ ನೆಗೆಣ್ಣಿಯ ಜೊತೆ ಖಾನಾವಳಿ ತೆರೆದಿದ್ದಾರೆಂದು ಗಂಗಾ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ರಜೆ ಹಾಕಿ ಹೋದೆ. ನಿಜವೇ. ಒಲೆಯ ಮುಂದೆ ನಿಂತು ಬದನೆಕಾಯಿ ಎಣ್ಣೆಗಾಯಿ ತಿರುವುತ್ತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಏನ್ರಿ ಮೇಡಂ ಇದು? ಅಡಗಿ ಮಾಡಾಂಗಿಲ್ಲ ಅಂತ ಕೆಲಸಾ ಕಳಕೊಂಡ್ರಿ, ಈಗ ಅಡಗೀನ ಮಾಡಾಕತ್ತೀರಲ್ಲ!"

"ಅಡಗಿ ಮಾಡೂದು ನಾಚಿಕಿ ಅಂತ ನಾ ಯಾವಾಗ ಅಂದಿದ್ದೆ ರೆಹಾನಾ?" ಎಂದು ಅವರು ನನ್ನ ಮೇಲೇ ತಿರುಗಿಬಿದ್ದರು. "ಓದಾಕ ಬಂದೋರನ್ನ ಒಲಿ ಮುಂದ ನಿಲ್ಲಸಬ್ಯಾಡ್ರಿ ಅಂದಿದ್ದೆ. ಕುಂಡ್ರು, ಉಣ್ಣು."

ನಾನು ಉಣ್ಣುತ್ತಿರುವಾಗ ಆಟೋ ನಿಂತ ಸದ್ದಾಯಿತು. ನಮ್ಮ ಕಾಲೇಜಿನ ಜವಾನ ಬಸಪ್ಪ ಒಳಗೆ ಬಂದ. ಕಾಲೇಜಿಗೆ ಯಾರೋ ದೊಡ್ಡವರು ಬಂದಿದ್ದಾರಂತೆ, ಊಟ ಒಯ್ಯಬೇಕಂತೆ. ಪಾಠ ಹೇಳಲು ಬೇಡವಾದವರ ರೊಟ್ಟಿ ಮಾತ್ರ ಬೇಕೇ ಇವರಿಗೆ? ಥೂ ಎಂದೆ, ಬಸಪ್ಪನಿಗೆ ಕೇಳಿಸುವಂತೆಯೇ.

"ಸುಮ್ಮನಿರು" ಎಂದರು ಮೇಡಂ. "ನಾನ ಹೋಗಿ ಕೇಳೀನಿ. ಯಾವ ಕಾರ್ಯಕ್ರಮ ಇದ್ರೂ ನನಗ ಹೇಳ್ರಿ, ನಿಮ್ಮ ಹುಡುಗ್ಯಾರನ ಕ್ಲಾಸಿನಿಂದ ಎಬ್ಬಸಬ್ಯಾಡ್ರಿ ಅಂತ." ಎಣ್ಣೆಗಾಯಿಯನ್ನು ಕ್ಯಾರಿಯರಿಗೆ ತುಂಬುತ್ತ ಬಸಪ್ಪನನ್ನು ಕೇಳಿದರು, "ಹುಡುಗ್ಯಾರು ಕ್ಲಾಸಿನ್ಯಾಗ ಅದಾರಿಲ್ಲೋ?"

"ಅದಾರ್ರಿ ಮೇಡಂ. ಎಲ್ಲಾರೂ ಅದಾರ."

"ಈಗ ಯಾವ ಪಾಠ ನಡದೈತಿ?"

ಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಪಾಠ ಯಾರ ಮಾಡ್ತಾರ್ರಿ? ಆ ಕೆಮಿಸ್ಟ್ರಿ ಸರ ಬಿಟ್ಟ ಮ್ಯಾಲ ಯಾರೂ ಬಂದಿಲ್ಲ. ಹುಡುಗ್ಯಾರು ಬರ್ತಾರ, ಕುಂಡ್ರತಾರ, ಗಂಟಿ ಆದ ಕೂಡ್ಲೆ ಮನಿಗೆ ಹೊಕ್ಕಾರ."

ಮೇಡಂ ಸೌಟು ಹಿಡಿದು ನಿಂತೇ ಇದ್ದರು. ಈಗ ಸಿಡಿಯುತ್ತಾರೆ, ಈಗ ಆಟೋ ಹತ್ತಿ ಕಾಲೇಜಿಗೇ ಹೋಗುತ್ತಾರೆ ಎಂದು ನಾನು ತಾಟು ಸರಿಸಿ ಎದ್ದು ನಿಂತೆ. ಸಿಟ್ಟಾಗ್ರಿ ಮೇಡಂ, ನಾನೂ ಬರ್ತೀನಿ ಎಂದು ಕೂಗಬೇಕೆನಿಸಿತು. ಅವರಿಗೆ ಸಿಟ್ಟು ಬರಲಿಲ್ಲ. ಕ್ಯಾರಿಯರಿನ ಮುಚ್ಚಳ ಹಾಕಿದರು, ಕೊಂಡಿ ಬಿಗಿದರು, ಬಸಪ್ಪನ ಕೈಗೆ ಕೊಟ್ಟರು.

"ಜ್ವಾಕಿಲೆ ಒಯ್ಯಿ" ಎಂದರು. "ಚಲ್ಲೀತು."