ಪ್ಯಾಂಟಿಗೆ ಅಂಟಿದ ಗೋಧಿ ಬಣ್ಣದ ಕೂದಲು

ನಮ್ಮ ನಾಯಿ ಸತ್ತು ತಿಂಗಳು ಕಳೆದ ಮೇಲೂ ನನ್ನ ಗಂಡನ ಪ್ಯಾಂಟಿನ ಮೇಲೆ ನಾಯಿಯ ಕೂದಲು ಸಿಗುತ್ತಿತ್ತು. ಅವರು ಶನಿವಾರ ಸಂಜೆ ಔರಂಗಾಬಾದಿನಿಂದ ನಾಸಿಕ್‌ಗೆ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಬಟ್ಟೆ ನೆನೆಸಲು ತೆಗೆದರೆ ಕಪ್ಪು ಪ್ಯಾಂಟಿನ ಮೊಣಕಾಲಿನ ಹತ್ತಿರ ಗೋಧಿ ಬಣ್ಣದ ಗಿಡ್ಡ ಕೂದಲು. ಮೊದಲ ಸಲ ಕಂಡಾಗ ಕಣ್ಣು ತುಂಬಿ ಬಂತು. ಮುಂದಿನ ವಾರವೂ ಕಂಡಾಗ, ಇನ್ನೂ ಹೋಗಿಲ್ಲವಲ್ಲ ಅಂದುಕೊಂಡೆ. ಅದರ ಮುಂದಿನ ವಾರ ಅಳು ಬರಲಿಲ್ಲ. ಆ ಪ್ಯಾಂಟನ್ನು ನಾನೇ ಒಗೆದು, ಕೊಡವಿ, ಇಸ್ತ್ರಿ ಮಾಡಿ ಕಳಿಸಿದ್ದೆ. ಹಾಗಾದರೆ ಈ ಕೂದಲು ಯಾವ ನಾಯಿಯದು?

ನಾವಿಬ್ಬರೂ ಧಾರವಾಡದ ಕಡೆಯವರು. ನನಗೆ ಬ್ಯಾಂಕಿನಲ್ಲಿ ಕೆಲಸ, ಅವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ. ವರ್ಗಾವಣೆಯ ಮೇಲೆ ನಾಸಿಕ್‌ಗೆ ಬಂದವರು ಅಲ್ಲೇ ಬೇರು ಬಿಟ್ಟೆವು. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅವರನ್ನು ಔರಂಗಾಬಾದಿಗೆ ಹಾಕಿದರು. ಈಗ ಅದು ಛತ್ರಪತಿ ಸಂಭಾಜಿನಗರ. ಆಗ ಎಲ್ಲರ ಬಾಯಲ್ಲೂ ಔರಂಗಾಬಾದೇ. ಮಗಳು ಪುಣೆಯ ಹಾಸ್ಟೆಲ್ ಸೇರಿದ್ದಳು. ನಾಸಿಕ್ ಮನೆಯಲ್ಲಿ ಉಳಿದದ್ದು ನಾನು ಮತ್ತು ನಾಯಿ.

ಮಗಳು ಶಾಲೆಯಲ್ಲಿದ್ದಾಗ ಓಝರ್ ರಸ್ತೆಯ ಬದಿಯಿಂದ ಎತ್ತಿಕೊಂಡು ಬಂದ ನಾಯಿ ಅದು. ಹೆಸರಿಡಬೇಕು ಎನ್ನುತ್ತಲೇ ದಿನ ಕಳೆದು 'ಮರಿ' ಎಂಬುದೇ ನಿಂತುಬಿಟ್ಟಿತು. ಮೂತಿಯೆಲ್ಲ ಬೆಳ್ಳಗಾಗಿ, ಹಿಂಗಾಲು ಎಳೆಯುತ್ತ ನಡೆಯುವಾಗಲೂ ಅದು ಮರಿಯೇ. ಅಕ್ಕಪಕ್ಕದ ಮರಾಠಿ ಹೆಂಗಸರಿಗೆ ಇದು ಬಹಳ ಇರುಸುಮುರುಸು. ಅವರ ಭಾಷೆಯಲ್ಲಿ ಮರೀ ಅಂದರೆ ಊರಿಗೆ ಬರುವ ಬೇನೆ, ಆ ಬೇನೆಯ ದೇವಿ. ಪಾಪದ ಪ್ರಾಣಿಗೆ ಎಂಥ ಹೆಸರಿಟ್ಟಿದ್ದೀರಿ ಎಂದು ಕೇಳುತ್ತಿದ್ದರು.

ಅದು ಸತ್ತದ್ದು ಒಂದು ಬುಧವಾರ. ಕಾಂಪೌಂಡಿನ ಮೂಲೆಯಲ್ಲಿ, ನುಗ್ಗೆ ಗಿಡದ ಬುಡದಲ್ಲಿ ವಾಚ್‌ಮನ್ ಗುಂಡಿ ತೋಡಿಕೊಟ್ಟ. ಫೋನಿನಲ್ಲಿ ಹೇಳಿದಾಗ ನನ್ನ ಗಂಡ "ಹೌದಾ" ಅಂದು ಸುಮ್ಮನಾದರು. ಶನಿವಾರ ಬಂದವರು ನುಗ್ಗೆ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಕೈಕಾಲು ತೊಳೆದು ಚಹಾ ಕುಡಿದರು. ಹೇಗಾಯಿತು, ಎಷ್ಟು ಹೊತ್ತಿಗೆ, ಒಂದೂ ಕೇಳಲಿಲ್ಲ. ಅವರು ಸೋಮವಾರ ನಸುಕಿನಲ್ಲಿ ಹೊರಟುಹೋದ ಮೇಲೆ ನೋಡಿದರೆ ನಾಯಿ ಮಲಗುತ್ತಿದ್ದ ಕೌದಿ ಇರಲಿಲ್ಲ. ನಮ್ಮವ್ವ ತನ್ನ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿ. ಕೆಲಸದಾಕೆಯನ್ನು ಕೇಳಿದೆ, ವಾಚ್‌ಮನ್‌ನನ್ನು ಕೇಳಿದೆ. ಫೋನ್ ಮಾಡಿ ಗಂಡನನ್ನೂ ಕೇಳಿದೆ.

"ನನಗೇನ್ ಗೊತ್ತು?" ಅಂದರು.

ನಾಯಿ ಮನೆಯಲ್ಲೇ ಇದೆ ಎಂದು ನನಗೆ ಅನ್ನಿಸತೊಡಗಿದ್ದು ಆ ವಾರದಲ್ಲೇ. ಬ್ಯಾಂಕಿನಿಂದ ಬಂದು ಕೀಲಿ ತಿರುವುತ್ತಿದ್ದಂತೆ ಒಳಗೆ ಟಪ್, ಟಪ್ ಎಂದು ಬಾಲ ನೆಲಕ್ಕೆ ಬಡಿದ ಸದ್ದು. ಬಾಗಿಲು ತೆರೆದರೆ ಏನೂ ಇಲ್ಲ. ಅಡುಗೆಮನೆಯ ಬಾಗಿಲಂತೂ ಇನ್ನೂ ವಿಚಿತ್ರ. ಅದಕ್ಕೆ ಬೆನ್ನು ಹಚ್ಚಿ ಮಲಗುವುದು ನಾಯಿಯ ಅಭ್ಯಾಸವಾಗಿತ್ತು. ನಾವು ಮೆಲ್ಲಗೆ ನೂಕಿದರೆ ಮೈಭಾರ ಸ್ವಲ್ಪ ತಡೆದು, ಆಮೇಲೆ ಗೊಣಗುತ್ತ ಸರಿದು ದಾರಿ ಕೊಡುತ್ತಿತ್ತು. ಈಗಲೂ ನೂಕಿದರೆ ಬಾಗಿಲು ಹಾಗೆಯೇ ತಡೆಯುತ್ತಿತ್ತು, ಹಾಗೆಯೇ ಸಡಿಲುತ್ತಿತ್ತು.

ನಾನು ಇಂಥದ್ದನ್ನು ಸುಲಭವಾಗಿ ನಂಬುವವಳಲ್ಲ. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟೆ. ಇಲಿ ಇರಬಹುದೆಂದು ಬೋನು ಇಟ್ಟೆ. ಬೋನಿನೊಳಗಿನ ರೊಟ್ಟಿಯ ಚೂರು ಒಣಗಿತು, ಇಲಿ ಬೀಳಲಿಲ್ಲ. ಮೇಲಿನ ಮನೆಯವರು ಏನಾದರೂ ಕುಟ್ಟುತ್ತಾರೋ ಎಂದು ಅವರು ಊರಿಗೆ ಹೋಗುವವರೆಗೂ ಕಾದೆ. ಅವರಿಲ್ಲದಾಗಲೂ ಸದ್ದು ಬಂತು. ಒಂದು ದಿನ ಬ್ಯಾಂಕಿಗೆ ಹೊರಡುವ ಮುಂಚೆ ಅಡುಗೆಮನೆಯ ಹೊಸ್ತಿಲಿನೊಳಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ ಹೋದೆ. ಸಂಜೆ ಬಂದು ನೋಡಿದರೆ ಪುಡಿ ಒಂದು ಕಡೆ ಒರೆಸಿದಂತಿತ್ತು. ಹೆಜ್ಜೆ ಗುರುತಿಲ್ಲ. ಗಾಳಿಯೋ ಏನೋ, ಆದರೆ ಕಿಟಕಿ ಮುಚ್ಚಿಯೇ ಹೋಗಿದ್ದೆ. ಆ ಸದ್ದು ಆ ವರ್ಷದ ಮಳೆಗಾಲದವರೆಗೂ ಕೇಳಿಸಿ, ಆಮೇಲೆ ತಾನಾಗಿ ನಿಂತಿತು. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಗಂಡನಿಗೆ ಹೇಳಲಿಲ್ಲ. ನಾಯಿ ಸತ್ತರೆ ಚಹಾ ಕುಡಿದು ಕೂತವರಿಗೆ ಏನು ಹೇಳುವುದು? ಅದರ ಮೇಲೆ ಈ ಕೂದಲು ಬೇರೆ. ಔರಂಗಾಬಾದಿನಲ್ಲಿ ಅವರು ಒಂದು ಕೋಣೆ ಹಿಡಿದಿದ್ದರು. ಮಾಲೀಕರಿಗೆ ನಾಯಿ ಕಂಡರಾಗದು ಎಂದು ಅವರೇ ಹೇಳಿದ್ದರು. ಅಂದಮೇಲೆ ಬೇರೆ ಯಾರದೋ ಮನೆ. ನಾಯಿ ಸಾಕಿದವರ ಮನೆ. ಆ ನಾಯಿ ಮೊಣಕಾಲಿಗೆ ಮೈ ಉಜ್ಜುವಷ್ಟು, ಕೂದಲು ಅಂಟುವಷ್ಟು ಹೊತ್ತು ಕೂರುವ ಮನೆ. ಅಂಥ ಪರಿಚಯದ ಮನೆಯಿದ್ದರೆ ನನಗೆ ಹೇಳಬಾರದೆ?

ಮಗಳಿಗೆ ಫೋನಿನಲ್ಲಿ ಸುತ್ತಿ ಬಳಸಿ ಹೇಳಿದೆ. ಅವಳು ನಕ್ಕು, ಇದೇನಮ್ಮ ಎಂದು ತನ್ನ ಅರ್ಧ ಮರಾಠಿಯಲ್ಲಿ ಅಂದಳು.

"ಅಮ್ಮಾ, ಕಾಯ್ ಗ! ಪಪ್ಪಾಗ ಡೈರೆಕ್ಟ್ ಕೇಳು ನಾ."

ಡೈರೆಕ್ಟಾಗಿಯೇ ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬಸ್ಸಿನ್ಯಾಗ ಹತ್ತಿರಬೇಕು," ಅಂದರು.

"ಬಸ್ಸಿನ್ಯಾಗ ನಾಯಿ ಕೂಡಸ್ತಾರೇನ್ರಿ?"

"ಯಾರ ಚೀಲಕ್ಕೋ, ಯಾರ ಬಟ್ಟೀಗೋ ಇರ್ತದ. ನನಗೇನ್ ಗೊತ್ತು?"

ಮತ್ತೆ ಅದೇ ಮಾತು. ಮುಂದಿನ ಶುಕ್ರವಾರ ರಜೆ ಹಾಕಿ, ಅವರಿಗೆ ತಿಳಿಸದೆ ಔರಂಗಾಬಾದಿನ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿದೆ. ಯೇವಲಾ ದಾಟುವವರೆಗೆ ಸಿಟ್ಟು ಇತ್ತು. ವೈಜಾಪುರದಲ್ಲಿ ಬಸ್ಸು ನಿಂತಾಗ, ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ಕಿಟಕಿಯ ಹೊರಗೆ ಒಬ್ಬಾಕೆ ಸೌತೆಕಾಯಿ ಮಾರುತ್ತಿದ್ದಳು. ಕೊಂಡು, ತಿನ್ನದೆ ಕೈಯಲ್ಲಿ ಹಿಡಿದುಕೊಂಡೇ ಕೂತೆ.

ವಿಳಾಸ ಹುಡುಕಿ ಹೋದಾಗ ಮಧ್ಯಾಹ್ನ ಕಳೆದಿತ್ತು. ಅವರು ಕಚೇರಿಯಿಂದ ಬಂದಿರಲಿಲ್ಲ. ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದ ಮುದುಕಿ ಮನೆಯ ಮಾಲೀಕರು. ನಾನು ಯಾರೆಂದು ಹೇಳಿದ್ದೇ ತಡ, ಮೊರ ಕೆಳಗಿಟ್ಟು ಮರಾಠಿಯಲ್ಲಿ ಶುರುಮಾಡಿದರು.

"ಬಂದದ್ದು ಒಳ್ಳೆಯದಾಯಿತು ಬಾಈ. ನೀವೇ ಹೇಳಿ. ನಾಯಿ ಇಡಬಾರದು ಎಂದು ಮೊದಲೇ ಹೇಳಿದ್ದೆನೋ ಇಲ್ಲವೋ?"

"ನಾಯಿ ಇದೆಯೇ ಆಜಿ?"

"ನಾನು ಕಣ್ಣಿಂದ ನೋಡಿಲ್ಲ. ವಾಸನೆ ಬರುತ್ತದೆ. ದಿನಾ ಸಂಜೆ ಮಾತೂ ಕೇಳಿಸುತ್ತದೆ. ಬಾಗಿಲು ಹಾಕಿಕೊಂಡು ಅದರ ಜೊತೆ ಮಾತಾಡುತ್ತಾರೆ. ನಡುನಡುವೆ ಮರೀ, ಮರೀ ಅನ್ನುತ್ತಾರೆ. ಮರೀಆಈಯ ಹೆಸರು ಹಾಗೆ ಸುಮ್ಮನೆ ಕರೆಯಬಾರದು. ನಾಯಿಯೋ, ಮಾಟವೋ, ನನಗಂತೂ ನಿದ್ದೆ ಇಲ್ಲ."

ಆಜಿ ಒಳಗಿನಿಂದ ಇನ್ನೊಂದು ಕೀಲಿ ತಂದರು. ನಾನು ಬೇಡ ಅನ್ನಲಿಲ್ಲ. ಬಾಗಿಲು ತೆರೆಯುತ್ತಲೇ ನಾಯಿಯ ವಾಸನೆ ಬಂತು. ನಮ್ಮ ನಾಯಿಯ ವಾಸನೆ, ಒದ್ದೆ ಗೋಣಿ ಮತ್ತು ಬಿಸಿಲು ಕೂಡಿದಂಥದ್ದು. ಆಜಿ ಪೊರಕೆ ಹಿಡಿದು ಮಂಚದ ಕೆಳಗೆ ತಿರುವಿದರು, ಬಕೆಟ್ಟಿನ ಹಿಂದೆ ನೋಡಿದರು, ಕಪಾಟನ್ನೂ ತೆಗೆದರು. ಎಲ್ಲೂ ಏನೂ ಇಲ್ಲ. ಮಂಚದ ಪಕ್ಕ, ನೆಲದ ಮೇಲೆ, ನಮ್ಮವ್ವನ ಕೌದಿ ಹಾಸಿತ್ತು. ಅದರ ತುಂಬ ಗೋಧಿ ಬಣ್ಣದ ಕೂದಲು.

ಆಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಂಚದ ಮೇಲೆ ಕೂತುಬಿಟ್ಟೆ. ಸಂಶಯ ಅಷ್ಟಕ್ಕೇ ಹೋಯಿತೇ ಅಂದರೆ, ಇಲ್ಲ. ಕೌದಿ ಒಯ್ದವರು ಇಲ್ಲವೆಂದು ಯಾಕೆ ಹೇಳಬೇಕು? ಇಷ್ಟು ಸಣ್ಣದಕ್ಕೆ ಸುಳ್ಳು ಹೇಳಿದವರು ಬೇರೆ ಏನೇನು ಮುಚ್ಚಿಟ್ಟಿರಬಹುದು?

ಅವರು ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲೇ ನಿಂತರು.

"ನೀ ಯಾವಾಗ ಬಂದಿ?"

"ಕೌದಿ ನೀವ ತಂದೀರೇನು?"

"ಹೂಂ."

"ಕೇಳಿದ್ರ ಗೊತ್ತಿಲ್ಲ ಅಂದ್ರಲ್ರಿ."

ಅವರು ಚೀಲ ಕೆಳಗಿಟ್ಟರು. "ಹೇಳಿದ್ರ ನೀ ಅದನ್ನ ಒಗದುಬಿಡ್ತಿದ್ದಿ."

ಅದು ನಿಜ. ಒಗೆದೇ ಬಿಡುತ್ತಿದ್ದೆ. ಆದರೂ ಕೇಳಿದೆ, "ಯಾರ ಜೋಡಿ ಮಾತಾಡ್ತೀರಿ ದಿನಾ? ಆಜಿ ಎಲ್ಲಾ ಹೇಳಿದ್ರು."

ಆಜಿಗೆ ಕನ್ನಡ ತಿಳಿಯದಿದ್ದರೂ ತಮ್ಮ ಮಾತು ಬಂತೆಂದು ಗೊತ್ತಾಗಿ ಇನ್ನೂ ಹತ್ತಿರ ಸರಿದರು. ನನ್ನ ಗಂಡ ನೆಲದ ಮೇಲೆ, ಕೌದಿಯ ಅಂಚಿನಲ್ಲಿ ಮೊಣಕಾಲೂರಿ ಕೂತರು.

"ಅದರ ಜೋಡಿನ. ಬಾಗಲಾ ತಗದ್ರ ಎದ್ದು ಬಂದಂಗ ಆಗ್ತದ. ಕಾಲಿಗೆ ಮೂತಿ ಹಚ್ಚಿದಂಗ. ಬಂದದ್ದನ್ನ ಮಾತಾಡಸಲಿಲ್ಲ ಅಂದ್ರ ಹೆಂಗ?"

ಅವರು ತಲೆ ತಗ್ಗಿಸಿಯೇ ಹೇಳಿದರು. ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಮಾತೋ ಎಂದು ಅವರ ಮುಖ ನೋಡಿದೆ. ನನಗೇನು ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆಗ ನಾನೂ ಹೇಳಿದೆ: ಬಾಲದ ಸದ್ದು, ಅಡುಗೆಮನೆಯ ಬಾಗಿಲು, ರಂಗೋಲಿ ಪುಡಿ. ಈಗ ಅನುಮಾನದಿಂದ ನೋಡುವ ಸರದಿ ಅವರದಾಯಿತು.

"ಖರೇ ಹೇಳ್ಲಿಕತ್ತೀಯೇನು?"

"ನಿಮಗ್ಯಾಕ ಸುಳ್ಳ ಹೇಳ್ಲಿ?"

"ಎಷ್ಟು ಹೊತ್ತಿಗೆ?"

"ಬ್ಯಾಂಕಿಂದ ಬಂದಾಗ. ದೀಪಾ ಹಚ್ಚೋ ಹೊತ್ತಿಗೆ."

"ನನಗೂ ಅದ ಹೊತ್ತಿಗೆ," ಅಂದರು. ಒಂದೇ ಹೊತ್ತಿಗೆ ಎರಡು ಊರಲ್ಲಿ ಹೇಗೆ ಎಂದು ಇಬ್ಬರ ಬಾಯಿಗೂ ಬಂದಿರಬೇಕು. ಯಾರೂ ಕೇಳಲಿಲ್ಲ.

ಆಜಿಗೆ ತಾಳ್ಮೆ ಮುಗಿಯಿತು. ನಡೆದದ್ದೇನೆಂದು ನನ್ನ ಗಂಡ ಮರಾಠಿಯಲ್ಲಿ ಹೇಳಿದರು: ನಾಯಿ ನಾಸಿಕ್‌ನಲ್ಲೇ ಸತ್ತಿತು, ಮರಿ ಎಂಬುದು ಅದರ ಹೆಸರು, ಕನ್ನಡದಲ್ಲಿ ಸಣ್ಣ ಕೂಸಿಗೆ ಹಾಗೆ ಅನ್ನುತ್ತಾರೆ. ಆಜಿ ಕೌದಿಯನ್ನು ಪೊರಕೆಯ ತುದಿಯಿಂದ ಎತ್ತಿ ನೋಡಿ ಬಿಟ್ಟರು.

"ಅಂದರೆ ಜೀವ ಇರುವ ನಾಯಿ ಇಲ್ಲ?"

"ಇಲ್ಲ ಆಜಿ."

"ಗಲೀಜು ಮಾಡುವುದಿಲ್ಲ, ಬೊಗಳುವುದಿಲ್ಲ?"

"ಇಲ್ಲ."

"ಹಾಗಾದರೆ ಇರಲಿ ಬಿಡಿ," ಅಂದು, ಪೊರಕೆ ಹಿಡಿದು ಅಂಗಳಕ್ಕೆ ಹೋದರು. ಮೊರ ತಟ್ಟುವ ಸದ್ದು ಮತ್ತೆ ಶುರುವಾಯಿತು.

ನಾವಿಬ್ಬರೂ ಕೌದಿಯ ಆಚೆ ಈಚೆ ಕೂತೇ ಇದ್ದೆವು. ಅವರು ಕೇಳಿದರು, "ಕಡೀಕ ಹೆಂಗಿತ್ತು?"

ಅಷ್ಟು ದಿನ ಯಾಕೆ ಕೇಳಲಿಲ್ಲವೆಂದು ನಾನೂ ಕೇಳಲಿಲ್ಲ. ಹೇಳಿದೆ. ಹಿಂದಿನ ಸಂಜೆಯೇ ನೀರು ಕುಡಿಯುವುದನ್ನೂ ಬಿಟ್ಟಿತ್ತು. ಬೆಳಿಗ್ಗೆ ನಾನು ಬ್ಯಾಂಕಿಗೆ ಫೋನ್ ಮಾಡಿ ಬರುವುದಿಲ್ಲವೆಂದೆ. ಹಿಂಬಾಗಿಲ ಮೆಟ್ಟಿಲ ಹತ್ತಿರ ಮಲಗಿತ್ತು, ಪಕ್ಕದಲ್ಲಿ ಕೂತೆ. ಗದ್ದವನ್ನು ನನ್ನ ಪಾದದ ಮೇಲೆ ಇಟ್ಟಿತು. ಬಿಸಿಲು ಸರಿದಾಗ ತಾನೂ ಒಂದು ಗೇಣು ಸರಿಯಿತು, ಯಾರ ಸಹಾಯವೂ ಇಲ್ಲದೆ. ಅಷ್ಟಕ್ಕೇ ದಣಿದು, ಗದ್ದವನ್ನು ಮತ್ತೆ ನನ್ನ ಪಾದದ ಮೇಲಿಟ್ಟು ಕಣ್ಣು ಮುಚ್ಚಿತು. ಉಸಿರು ನಿಂತದ್ದು ನನಗೆ ಕೂಡಲೇ ಗೊತ್ತಾಗಲಿಲ್ಲ; ಪಾದ ಬೆಚ್ಚಗೇ ಇತ್ತು.

"ಗುಂಡ್ಯಾಗ ಯಾವ ಕಡೆ ಮುಖಾ ಮಾಡಿ ಇಟ್ಟಿ?"

"ಗೇಟಿನ ಕಡೆ."

ಅವರು ತಲೆಯಾಡಿಸಿದರು. ಎದ್ದು ಹೋಗಿ ಮುಖ ತೊಳೆದುಕೊಂಡು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅದೇ ಜಾಗದಲ್ಲಿ ಕೂತರು.

"ಬಿಸಲಿಗೆ ಸರದದ್ದು ಇನ್ನೊಮ್ಮೆ ಹೇಳು," ಅಂದರು.

ನಾನು ಮತ್ತೆ ಮೊದಲಿನಿಂದ ಹೇಳಿದೆ.