ಶಾಲು ಬೇಡ ಎಂದ ಕಜೆತಾನ್

ಬೆಳಗಿನ ಐದೂವರೆ. ಬಾಯಾರು ಊರಿಗೆ ಹೋಗುವ ದಾರಿಯ ಮುರಕಲ್ಲಿನ ಕೋರೆಯಲ್ಲಿ ಇನ್ನೂ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಬೆಳಕಿಲ್ಲ. ನಿನ್ನೆ ಕಡಿದಿಟ್ಟ ಕೆಂಪು ಕಲ್ಲುಗಳು ಗುಂಡಿಯೊಳಗೆ ಸಾಲಾಗಿವೆ. ಮೇಲೆ ಲಾರಿ ಹಿಂಬಾಗಿಲು ತೆರೆದು ನಿಂತಿದೆ. ತಲೆಗೆ ಬಟ್ಟೆಯ ಸಿಂಬಿ ಇಟ್ಟ ಕಜೆತಾನ್ ಮೊಂತೇರೊ ಬಗ್ಗುತ್ತಾರೆ, ಕಾಲು ಅಗಲಿಸಿ ಊರುತ್ತಾರೆ, ಒಂದು ಗಳಿಗೆ ಹಾಗೆಯೇ ನಿಲ್ಲುತ್ತಾರೆ. ಆಮೇಲೆ ಮೂವತ್ತು ಕಿಲೋ ಮೀರಿದ ಕಲ್ಲು ನೆಲ ಬಿಡುತ್ತದೆ. ಒಂದು ಲೋಡಿಗೆ ಇನ್ನೂರ ಇಪ್ಪತ್ತು ಕಲ್ಲು. ನಾಲ್ಕು ಜನ ಸೇರಿ ದಿನಕ್ಕೆ ಮೂರು ಲೋಡು ತುಂಬಿಸುತ್ತಾರೆ.

“ಎಲ್ಲರೂ ಕೈಯಿಂದ ಎತ್ತುವುದು ಅಂತ ತಿಳ್ಕೊಂಡಿದ್ದಾರೆ. ಕೈ ಬರೇ ಹಿಡಿಯುವುದು. ಎತ್ತುವುದು ಕಾಲು. ಕಾಲು ಸರಿಯಾದ ಜಾಗದಲ್ಲಿ ಉಂಟಾದರೆ ಅರ್ಧ ಕೆಲಸ ಆಯ್ತು,” ಎನ್ನುತ್ತಾರೆ ಮೂವತ್ತಾರರ ಕಜೆತಾನ್. “ಆಟದಲ್ಲಿಯೂ ಅಷ್ಟೇ ಮಾರಾಯ್ರೇ.”

ಆಟವೆಂದರೆ ಬಾಸ್ಕೆಟ್‌ಬಾಲ್. ಸಂಜೆ ಕೋರೆಯಿಂದ ಬಂದು, ಮೈಯ ಕೆಂಪು ಧೂಳು ತೊಳೆದು, ಬಸ್ಸು ಹಿಡಿದು ಕುಂಬಳೆಯ ಸಿಮೆಂಟಿನ ಅಂಗಣಕ್ಕೆ ಇಳಿಯುವ ಈ ಮನುಷ್ಯ ೧೯೮೫ರಿಂದ ಅಲ್ಲಿನ ಯುವಕ ಸಂಘದ ತಂಡದಲ್ಲಿದ್ದಾರೆ. ಕುಂಬಳೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಆ ತಂಡದ ಬಗ್ಗೆ ಕೇಳಿ. ಬ್ಯಾಂಕಿನ ಗುಮಾಸ್ತ ಲೆಸ್ಲಿಯ ಹೆಸರು ಹೇಳುತ್ತಾರೆ. ಲೆಸ್ಲಿ ಎಲ್ಲಿ ನಿಂತು ಎಸೆದರೂ ಚೆಂಡು ಬುಟ್ಟಿಗೆ ಬೀಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಟೂರ್ನಿಯಲ್ಲಿ ಹೆಚ್ಚು ಪಾಯಿಂಟ್ ಹಾಕಿದವರಿಗೆ ಸಂಘದ ಅಧ್ಯಕ್ಷ ಪುರಂದರ ಗಲ್ಫಿನಿಂದ ತಂದ ಕೈಗಡಿಯಾರ ಕೊಡುತ್ತಾರೆ. ಲೆಸ್ಲಿಯ ಬಳಿ ಈಗ ಏಳು ಗಡಿಯಾರ ಇವೆ. ಪಾಪ, ಇರುವುದು ಎರಡೇ ಕೈ.

ಕಜೆತಾನರ ಬಗ್ಗೆ ಕೇಳಿದರೆ ಜನ ತಲೆ ಕೆರೆದುಕೊಂಡು, “ಓ, ಆ ಫೌಲ್ ಮಾಡುವವನಾ?” ಎನ್ನುತ್ತಾರೆ.

ಹಾಗೆನ್ನಲು ಕಾರಣವಿದೆ. ಪಂದ್ಯದ ಮೇಜಿನ ಮೇಲಿರುವ ಸ್ಕೋರು ಪುಸ್ತಕದಲ್ಲಿ ಆಟಗಾರನ ಹೆಸರಿನ ಮುಂದೆ ಬರೆಯುವುದು ಎರಡನ್ನೇ: ಹಾಕಿದ ಪಾಯಿಂಟು, ಮಾಡಿದ ಫೌಲು. ಸಂಘದ ಹನ್ನೊಂದು ವರ್ಷದ ಪುಸ್ತಕಗಳನ್ನು ನಾನು ಕೂತು ತಿರುವಿದೆ. ಕಜೆತಾನ್ ಆಡಿದ್ದು ತೊಂಬತ್ತನಾಲ್ಕು ಪಂದ್ಯ. ಪಾಯಿಂಟು ಅರವತ್ತೊಂದು. ಫೌಲು ಮುನ್ನೂರ ಮೂವತ್ತೆಂಟು. ಆಟ ನೋಡದೆ ಪುಸ್ತಕ ಮಾತ್ರ ಓದುವವನಿಗೆ ಇವರು ಗೂಂಡಾನ ಹಾಗೆ ಕಾಣುವುದು ಸಹಜ. ಆದರೆ ಐದನೇ ಫೌಲಿಗೆ ಆಟಗಾರ ಹೊರಗೆ ಹೋಗಬೇಕು ಎಂಬ ನಿಯಮವೂ ಇದೆ. ಹನ್ನೊಂದು ವರ್ಷದಲ್ಲಿ ಇವರು ಹಾಗೆ ಹೊರಗೆ ಹೋದದ್ದು ಮೂರೇ ಸಲ.

“ನಾಲ್ಕು ಫೌಲು ನನಗೆ ಕೊಟ್ಟ ಸಾಮಾನು. ಎಲ್ಲಿ ಖರ್ಚು ಮಾಡ್ಬೇಕು ಅಂತ ನನಗೆ ಗೊತ್ತುಂಟು. ಎದುರಿನವ ಬುಟ್ಟಿಯ ಅಡಿಗೆ ಒಬ್ಬನೇ ಬಂದ, ಬಿಟ್ಟರೆ ಪಾಯಿಂಟು ಖಂಡಿತ. ಆಗ ಒಂದು ಖರ್ಚು ಮಾಡುವುದು. ಸುಮ್ಮನೆ ಕೋಪಕ್ಕೆ ಮಾಡಿದ್ದು ಒಂದು ತೋರಿಸಿ ನೋಡುವಾ,” ಎಂದು ನನಗೇ ಸವಾಲು ಹಾಕಿದರು.

ಉಳಿದ ಕೆಲಸಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ. ಲೆಸ್ಲಿಯ ಬೆನ್ನು ಹತ್ತಿ ಬರುವ ಎದುರಾಳಿಯ ದಾರಿಗೆ ಕಜೆತಾನ್ ಅಡ್ಡ ನಿಲ್ಲುತ್ತಾರೆ. ತಳ್ಳುವಂತಿಲ್ಲ, ಕೈ ಚಾಚುವಂತಿಲ್ಲ, ಅವನು ಬಂದು ಗುದ್ದಿದರೆ ಗುದ್ದಿಸಿಕೊಳ್ಳಬೇಕು. ಆಟಗಾರರ ಮಾತಿನಲ್ಲಿ ಇದು ಸ್ಕ್ರೀನ್. ಆ ಒಂದು ಕ್ಷಣದಲ್ಲಿ ಲೆಸ್ಲಿಗೆ ಬಿಡುವು ಸಿಗುತ್ತದೆ, ಚೆಂಡು ಬುಟ್ಟಿಗೆ ಹೋಗುತ್ತದೆ, ಚಪ್ಪಾಳೆ ಬೀಳುತ್ತದೆ. ಬುಟ್ಟಿ ತಪ್ಪಿ ಹಲಗೆಗೆ ಬಡಿದು ಮರಳುವ ಚೆಂಡನ್ನು ಮೊಣಕೈಗಳ ಕಾಡಿನಿಂದ ಕಿತ್ತು ತರುವುದೂ ಇವರೇ. ಎತ್ತರ ಐದಡಿ ಎಂಟಿಂಚು, ಈ ಆಟಕ್ಕೆ ಕುಳ್ಳು. ಈ ಕೆಲಸದಲ್ಲಿ ಮುಂದಿನ ಒಂದು ಹಲ್ಲು ಹೋಗಿದೆ, ಎಡಗೈಯ ಎರಡು ಬೆರಳು ಸೊಟ್ಟಗಾಗಿವೆ. ಬೆರಳು ಮುರಿದ ವರ್ಷ ಹದಿನೆಂಟು ದಿನ ಕೋರೆಗೆ ಹೋಗಲಾಗಲಿಲ್ಲ.

ಹೊಲಿಗೆ ಕೆಲಸ ಮಾಡುವ ಹೆಂಡತಿ ವಿಲ್ಮಾಗೆ ಇದೆಲ್ಲ ಮೊದಲು ಅರ್ಥವಾಗಿರಲಿಲ್ಲ. “ಮದುವೆಯಾದ ಹೊಸತರಲ್ಲಿ ಪಂದ್ಯ ನೋಡ್ಲಿಕ್ಕೆ ಹೋದೆ. ಇವರು ಬುಟ್ಟಿಗೆ ಒಂದು ಸಲ ಚೆಂಡು ಹಾಕ್ಲೇ ಇಲ್ಲ. ನನಗೆ ಮರ್ಯಾದೆ ಹೋದ ಹಾಗಾಯ್ತು. ಇನ್ನೊಂದು ಸಲ ಹೋದಾಗ ಚೆಂಡು ನೋಡುವುದೇ ಬಿಟ್ಟೆ. ಇವರನ್ನು ಮಾತ್ರ ನೋಡಿದೆ. ಆಮೇಲಿಂದ ನನಗೆ ಲೆಸ್ಲಿಯ ಗಡಿಯಾರ ಕಂಡರೆ ಸಿಟ್ಟು ಬರ್ತದೆ,” ಎಂದು ನಗುತ್ತಾರೆ. ಪಂದ್ಯ ನೋಡಲು ಹೋಗುವ ಎಲ್ಲರಿಗೂ ವಿಲ್ಮಾ ಅವರ ಈ ಪಾಠ ಕಡ್ಡಾಯ ಮಾಡಬೇಕು.

ಈ ವರ್ಷದ ಜನವರಿಯಲ್ಲಿ ಸಂಘದ ವಾರ್ಷಿಕೋತ್ಸವ. ನಮ್ಮ ಕಡೆ ಒಬ್ಬರನ್ನು ಮರ್ಯಾದೆಯಿಂದ ಮನೆಗೆ ಕಳಿಸಲು ಒಂದು ದಾರಿ ಇದೆ, ಅದರ ಹೆಸರು ಸನ್ಮಾನ. ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಹೊಗಳಿ ನಾಲ್ಕು ಮಾತಾಡಿದರೆ ಆ ಮನುಷ್ಯನ ಕೆಲಸ ಮುಗಿಯಿತು ಎಂದು ಅರ್ಥ. ಮರುದಿನದಿಂದ ಅವನು ಹಿರಿಯ, ಮಾರ್ಗದರ್ಶಕ, ಇತ್ಯಾದಿ. ಆ ದಿನ ಯಾರೂ ಮೊದಲೇ ಹೇಳದೆ ಮೈಕಿನಲ್ಲಿ ಕಜೆತಾನರ ಹೆಸರು ಕರೆದರು. ಇವರು ವೇದಿಕೆ ಹತ್ತಿದರು. ಪುರಂದರ ಶಾಲು ಬಿಡಿಸಿ ಎರಡು ಕೈಯಲ್ಲಿ ಎತ್ತಿ ಹಿಡಿದರು.

“ಅಣ್ಣಾ, ಇದನ್ನು ಮಡಚಿ ಇಡಿ. ನಾನು ಇನ್ನೂ ಆಡ್ತಾ ಇದ್ದೇನೆ,” ಎಂದು ಕಜೆತಾನ್ ಮೈಕಿಗೇ ಹೇಳಿ ಕೆಳಗಿಳಿದರು. ಸಭೆಯಲ್ಲಿ ಇನ್ನೂರು ಜನ ಇದ್ದರು. ಕೆಲವರು ನಕ್ಕರು, ಹೆಚ್ಚಿನವರು ಇದು ಅಹಂಕಾರ ಎಂದರು. ನಾನೂ ಆ ಸಭೆಯಲ್ಲಿದ್ದೆ, ನಾನೂ ಅಹಂಕಾರ ಎಂದೇ ತಿಳಿದೆ. ಈಗ ನಾಚಿಕೆಯಾಗುತ್ತದೆ.

ಪುರಂದರರಿಗೆ ಅವಮಾನವಾಯಿತು. ಅವರು ಕೆಟ್ಟವರಲ್ಲ, ಅಂಗಣಕ್ಕೆ ಸಿಮೆಂಟು ಹಾಕಿಸಿದ್ದು ಅವರೇ, ಜೆರ್ಸಿ ಹೊಲಿಸಿದ್ದು ಅವರೇ. ಆದರೆ ಅವರ ಲೆಕ್ಕ ಸರಳ. ಪಾಯಿಂಟು ಹಾಕುವವನು ಒಬ್ಬ ಇದ್ದರೆ ಇಷ್ಟು ಗೆಲ್ಲುತ್ತೇವೆ, ಐವರು ಇದ್ದರೆ ಐದು ಪಾಲು ಗೆಲ್ಲಬೇಕು. ಮೇ ತಿಂಗಳ ಟೂರ್ನಿಗೆ ಹೊರಗಿನಿಂದ ಇಬ್ಬರು ಎಸೆತಗಾರರನ್ನು ಕರೆಸಿ ಐವರನ್ನೂ ಅಂಥವರನ್ನೇ ಇಳಿಸಿದರು. ಕಜೆತಾನ್ ಜೆರ್ಸಿ ಹಾಕಿ ಬೆಂಚಿನಲ್ಲಿ ಕೂತರು. ಮೊದಲ ಎರಡು ಪಂದ್ಯವನ್ನು ತಂಡ ಭರ್ಜರಿಯಾಗಿ ಗೆದ್ದಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಫೈನಲಿನಲ್ಲಿ ಚೆಂಡು ಯಾರ ಕೈಗೆ ಬಂದರೂ ಅವರು ಎಸೆದರು, ತಪ್ಪಿದ ಚೆಂಡಿಗೆ ಯಾರೂ ಹಾರಲಿಲ್ಲ. ಹತ್ತೊಂಬತ್ತು ಪಾಯಿಂಟಿನ ಸೋಲು. ಕರೆಸಿದವರಲ್ಲಿ ಒಬ್ಬ ಹೆಚ್ಚು ಪಾಯಿಂಟಿನ ಗಡಿಯಾರವನ್ನೂ ಗೆದ್ದ. ಉಂಡೂ ಹೋದ, ಕೊಂಡೂ ಹೋದ.

“ಆ ದಿನ ನನ್ನ ಸುತ್ತ ಯಾವಾಗ ನೋಡಿದ್ರೂ ಇಬ್ಬರು. ಉಸಿರು ಬಿಡ್ಲಿಕ್ಕೂ ಜಾಗ ಇಲ್ಲ,” ಎಂದು ಲೆಸ್ಲಿ ನನ್ನಲ್ಲಿ ಒಪ್ಪಿಕೊಂಡರು. “ಇಷ್ಟು ವರ್ಷ ನಾನು ತಪ್ಪಿಸಿಕೊಂಡು ಹೋಗ್ತೇನೆ ಅಂತ ಗ್ರಹಿಸಿದ್ದೆ. ತಪ್ಪಿಸಿ ಕೊಡುವವರು ಕಜೆತಾನಣ್ಣ.”

ಅಟ್ಟ ಮೇಲೆ ಒಲೆ ಉರಿಯಿತು ಎನ್ನೋಣವೆಂದರೆ ಅದೂ ಪೂರ್ತಿ ಉರಿಯಲಿಲ್ಲ. ಡಿಸೆಂಬರಿನ ದೊಡ್ಡ ಟೂರ್ನಿಗೆ ತಂಡ ಕಟ್ಟುವ ಮುಂಚೆ ಪುರಂದರ ಒಂದು ಷರತ್ತು ಇಟ್ಟರು. ನವೆಂಬರಿನ ಕೊನೆಯ ಭಾನುವಾರ ಮಂಗಳೂರಿನ ಒಂದು ತಂಡದೊಡನೆ ಪಂದ್ಯ ಇದೆ, ಅದರಲ್ಲಿ ಕಜೆತಾನ್ ಆರು ಪಾಯಿಂಟಾದರೂ ಹಾಕಬೇಕು. ಇಲ್ಲವಾದರೆ ಪಟ್ಟಿಯಲ್ಲಿ ಹೆಸರಿಲ್ಲ. ಮೂವತ್ತೈದು ದಾಟಿದ ಮೇಲೆ ಒಮ್ಮೆ ಪಟ್ಟಿಯಿಂದ ಹೊರಗೆ ಹೋದವನನ್ನು ಯಾರೂ ಮತ್ತೆ ಕರೆಯುವುದಿಲ್ಲ. ಇದು ಕಜೆತಾನರಿಗೂ ಗೊತ್ತಿತ್ತು.

ಅವರ ಉತ್ತರ ಇಡೀ ಸಂಘಕ್ಕೆ ಬಾಯಿಪಾಠವಾಗಿದೆ: “ಆರು ಹಾಕುತ್ತೇನೆ ಅಂತ ಹೇಳುವುದಿಲ್ಲ. ಎದುರಿನವನ ಹನ್ನೆರಡು ನಿಲ್ಲಿಸ್ತೇನೆ. ಯಾವುದು ದೊಡ್ಡದು ಅಂತ ನೀವೇ ಕೂಡಿಸಿ ಕಳೆದು ನೋಡಿ.”

ಆ ಭಾನುವಾರ ನಾನು ನೋಟ್‌ಬುಕ್ಕು ಹಿಡಿದು ಅಂಗಣದ ಅಂಚಿನಲ್ಲಿ ಕೂತೆ. ಮಂಗಳೂರು ತಂಡದ ಒಂಬತ್ತನೇ ನಂಬರಿನವನು ಆರಡಿ ಮೂರಿಂಚು. ಮೊದಲರ್ಧದಲ್ಲಿ ಕಜೆತಾನ್ ಬೆಂಚಿನಲ್ಲೇ ಇದ್ದರು. ಕುಂಬಳೆಯ ಐವರು ಎಸೆತಗಾರರ ನಡುವೆ ಅವನು ಸಲೀಸಾಗಿ ನಡೆದು ಹೋಗಿ ಇಪ್ಪತ್ತೊಂದು ಪಾಯಿಂಟು ಹಾಕಿದ. ಇಪ್ಪತ್ತೈದಕ್ಕೆ ಮೂವತ್ತಾರು, ಹನ್ನೊಂದರ ಹಿನ್ನಡೆ. ವಿರಾಮದಲ್ಲಿ ತರಬೇತುದಾರ ಮಹಾಬಲ ಮಾಸ್ತರರು ಪುರಂದರರ ಕಡೆ ನೋಡಲೂ ಇಲ್ಲ. ನಿವೃತ್ತ ಡ್ರಿಲ್ ಮಾಸ್ತರರು, ಹೆಚ್ಚು ಮಾತಿನವರಲ್ಲ. “ಕಜೆತಾನ್, ಏಳು” ಎಂದರು, ಅಷ್ಟೇ.

ಮುಂದಿನ ಇಪ್ಪತ್ತು ನಿಮಿಷ ನಾನು ವಿಲ್ಮಾ ಹೇಳಿದಂತೆ ಚೆಂಡು ನೋಡುವುದು ಬಿಟ್ಟೆ. ನನ್ನ ನೋಟ್‌ಬುಕ್ಕಿನ ಲೆಕ್ಕ ಇದು. ಕಜೆತಾನ್ ಕಿತ್ತು ತಂದ ಚೆಂಡು ಹದಿಮೂರು. ಅಡ್ಡ ನಿಂತದ್ದು ಇಪ್ಪತ್ತಾರು ಸಲ. ನೆಲಕ್ಕೆ ಬಿದ್ದದ್ದು ಐದು ಸಲ, ಒಂದು ಸಲ ಗಲ್ಲ ಒಡೆದು ರಕ್ತ ಬಂತು. ಒಂಬತ್ತನೇ ನಂಬರಿನವನು ಎಲ್ಲಿಗೆ ಬರಬೇಕೆಂದುಕೊಂಡನೋ ಅಲ್ಲಿ ಇವರ ಕಾಲು ಮೊದಲೇ ಊರಿರುತ್ತಿತ್ತು. ಮೊದಲರ್ಧದಲ್ಲಿ ಇಪ್ಪತ್ತೊಂದು ಹಾಕಿದವನು ಎರಡನೆಯದರಲ್ಲಿ ಐದಕ್ಕೆ ನಿಂತ. ಅತ್ತ ಒಂಬತ್ತು ಪಾಯಿಂಟಿನಲ್ಲಿದ್ದ ಲೆಸ್ಲಿ ಮೂವತ್ತೊಂದಕ್ಕೆ ಏರಿದರು. ಕುಂಬಳೆ ಅರವತ್ತನಾಲ್ಕು, ಮಂಗಳೂರು ಅರವತ್ತೆರಡು.

ಜನ ಲೆಸ್ಲಿಯನ್ನು ಎತ್ತಿಕೊಂಡು ಕುಣಿದರು. ಮೇಜಿನ ಬಳಿ ಪುಸ್ತಕ ಹಿಡಿದವನು ಮೊತ್ತ ಹಾಕುತ್ತಿದ್ದ. ಕಜೆತಾನ್ ಮೊಂತೇರೊ: ಪಾಯಿಂಟು ಸೊನ್ನೆ, ಫೌಲು ನಾಲ್ಕು. ಷರತ್ತಿನ ಆರರಲ್ಲಿ ಒಂದೂ ಇಲ್ಲ.

ಜನರ ಹೆಗಲಿನಿಂದ ಇಳಿದ ಲೆಸ್ಲಿ ನೇರ ಮೇಜಿಗೆ ಬಂದರು. ರೆಫರಿಯ ಸಹಿ ಆಗಿರಲಿಲ್ಲ. “ನನ್ನ ಕೊನೆಯ ಮೂರು ಬುಟ್ಟಿ ಕಜೆತಾನಣ್ಣನ ಹೆಸರಿಗೆ ಬರೆಯಿರಿ. ತಂಡದ ಮೊತ್ತ ಹೇಗೂ ಅಷ್ಟೇ ಅಲ್ವಾ? ಯಾರಿಗೆ ಎಂತ ನಷ್ಟ?” ಎಂದರು. ಮೂರು ಬುಟ್ಟಿಗೆ ಆರು ಪಾಯಿಂಟು. ಪುಸ್ತಕದವನು ಪೆನ್ನು ಎತ್ತಿಯೇ ಬಿಟ್ಟಿದ್ದ. ಪುರಂದರ ಎರಡು ಹೆಜ್ಜೆ ದೂರದಲ್ಲಿ ಎಲ್ಲ ನೋಡುತ್ತಿದ್ದರು, ಬೇಡವೆನ್ನಲಿಲ್ಲ.

ಗಲ್ಲಕ್ಕೆ ಬಟ್ಟೆ ಒತ್ತಿಕೊಂಡಿದ್ದ ಕಜೆತಾನ್ ಬಂದು ಪುಸ್ತಕದ ಮೇಲೆ ಕೈ ಇಟ್ಟರು. “ಹಾಕಿದ್ದು ನೀನು, ಲೆಸ್ಲಿ. ನನ್ನ ಸೊನ್ನೆ ಮುಟ್ಟಬೇಡ. ಅದು ನಾನು ಬೆವರು ಹರಿಸಿ ಮಾಡಿದ್ದು.” ಪೆನ್ನು ಕೆಳಗಿಳಿಯಿತು. ರೆಫರಿ ಸಹಿ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ.

ಬುಧವಾರ ಸಂಘದ ಸೂಚನಾ ಹಲಗೆಯ ಮೇಲೆ ಪಟ್ಟಿ ಅಂಟಿಸಿದರು. ಮಹಾಬಲ ಮಾಸ್ತರರ ಕೈಬರಹ. ಮೊದಲ ಐವರಲ್ಲಿ ಐದನೆಯದು ಕಜೆತಾನರ ಹೆಸರು. ನಿಮ್ಮ ಷರತ್ತು ಎಲ್ಲಿ ಹೋಯಿತು ಎಂದು ಪುರಂದರರನ್ನು ಕೇಳಿದೆ. “ನನಗೆ ಆಟ ಗೊತ್ತಿಲ್ಲ ಮಾರಾಯ್ರೇ, ಕಪ್ ಗೆಲ್ಲುವುದು ಮಾತ್ರ ಗೊತ್ತುಂಟು. ಆ ಒಂಬತ್ತನೇ ನಂಬರಿನವ ಹೋಗುವಾಗ ಅವನ ಮುಖ ನೀವು ನೋಡಿದ್ರಾ? ನಾನು ನೋಡಿದೆ,” ಎಂದರು. ಒಬ್ಬ ಅಧ್ಯಕ್ಷರು ತಪ್ಪು ಒಪ್ಪಿಕೊಳ್ಳುವುದು ಇಷ್ಟರ ಮಟ್ಟಿಗೆ.

ಅಭ್ಯಾಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಕಜೆತಾನರ ಪಕ್ಕ ನಾನೂ ನಿಂತೆ. ಎಲೆಮರೆಯ ಕಾಯಿ ಎಂಬ ತಲೆಬರಹದಡಿ ಬರೆಯುತ್ತಿದ್ದೇನೆ ಎಂದಾಗ ಅವರಿಗೆ ಅದು ಹಿಡಿಸಲಿಲ್ಲ. “ಮರೆ ಎಲ್ಲಿ ಉಂಟು? ಹನ್ನೊಂದು ವರ್ಷ ಅಂಗಣದ ನಡುವೆ ನಿಂತಿದ್ದೇನೆ. ಕಾಣದವರ ಕಣ್ಣಿಗೆ ಬೇಕಾದರೆ ಒಂದು ಹೆಸರಿಡಿ.” ನಾನು ಮಾತು ಬದಲಿಸಿ, ಅಂತೂ ಜಾಗ ಕೊಟ್ಟರಲ್ಲ, ಸಂತೋಷವೇ ಎಂದು ಕೇಳಿದೆ.

ಬಸ್ಸು ಬಂತು. ಅವರು ಮೆಟ್ಟಿಲು ಹತ್ತಿ ತಿರುಗಿ ನಿಂತರು.

“ಕೊಟ್ಟದ್ದಲ್ಲ ಮಾರಾಯ್ರೇ. ನನ್ನದೇ ಇದ್ದದ್ದು.”