ಬಿಸಿಗೆ ಜರುಗಿದ ಪರಮಾಣುಗಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ 'ಇಂಗಾಲದಕ್ಕ' ಎಂದೇ ಕರೆಯುತ್ತಿದ್ದರು. ಆರು ವರ್ಷ ಕಂಪ್ಯೂಟರ್ ಮುಂದೆ ಕೂತು ಅವಳು ಹಿಡಿದದ್ದು ಒಂದೇ ಜಪ: ಪರಮಾಣುವಿನಷ್ಟೇ ತೆಳುವಾದ ಇಂಗಾಲದ ಹಾಳೆಯ ಮೇಲೆ ಅಲ್ಲಲ್ಲಿ ಟೈಟೇನಿಯಂ ಪರಮಾಣು ಕೂರಿಸಿದರೆ ಅದು ಎಷ್ಟು ಹೈಡ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ?

ಈ ಹುಚ್ಚು ಹತ್ತಿದ್ದು ಅಣ್ಣನಿಂದ. ಅಪ್ಪ ತೀರಿಕೊಂಡ ಮೇಲೆ ಅವನು ಓದು ಬಿಟ್ಟು, ಗ್ಯಾಸ್ ತುಂಬುವ ಕಾರ್ಖಾನೆ ಸೇರಿ ತಂಗಿಯನ್ನು ಓದಿಸಿದ. ಅವಳು ಎಂ.ಎಸ್ಸಿ. ಮುಗಿಸುವ ವರ್ಷ, ಹೈಡ್ರೋಜನ್ ತುಂಬುತ್ತಿದ್ದ ಸಿಲಿಂಡರ್ ಒತ್ತಡ ತಾಳದೆ ಸಿಡಿಯಿತು. ಜೊತೆಗಾರ ಅಲ್ಲೇ ಪ್ರಾಣ ಬಿಟ್ಟ. ಅಣ್ಣನ ಎರಡೂ ಕಣ್ಣು ಹೋದವು.

"ಅಷ್ಟೊಂದು ಒತ್ತಿ ತುಂಬೋದೇ ಬೇಡ, ಹಂಗೇನಾದ್ರೂ ಮಾಡ್ತೀನಿ ಕಣೋ" ಎಂದು ಆಸ್ಪತ್ರೆಯ ಮಂಚದ ಪಕ್ಕ ಅವಳು ಮಾತು ಕೊಟ್ಟಳು.

ಕೊನೆಗೂ ಲೆಕ್ಕ ಕೂಡಿಬಂತು: ಹೆಚ್ಚು ಒತ್ತಡವಿಲ್ಲದೆಯೇ ಆ ಹಾಳೆ ಬೇಕಾದಷ್ಟು ಹೈಡ್ರೋಜನ್ ಹಿಡಿಯುತ್ತದೆ. ಲೇಖನ ಪ್ರಕಟವಾಯಿತು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸತ್ತ ಜೊತೆಗಾರನ ಹೆಂಡತಿಗೆ ಫೋನ್ ಮಾಡಿ, "ಇನ್ಮೇಲೆ ಯಾರಿಗೂ ಹಂಗಾಗಲ್ಲ ತಾಯಿ, ನನ್ನ ತಂಗಿ ದಾರಿ ಕಂಡುಹಿಡಿದಿದ್ದಾಳೆ" ಎಂದ.

ಮರುವರ್ಷ ಅವಳು ಅದೇ ಹಾಳೆಗೆ, ಕಂಪ್ಯೂಟರಿನಲ್ಲೇ, ಮೊದಲ ಲೆಕ್ಕದಲ್ಲಿ ಸೇರಿಸದೇ ಇದ್ದ, ಕೋಣೆಯಲ್ಲಿರುವಷ್ಟು ಬಿಸಿ ಕೊಟ್ಟು ನೋಡಿದಳು. ಟೈಟೇನಿಯಂ ಪರಮಾಣುಗಳು ಕೂತಲ್ಲಿ ಕೂರಲಿಲ್ಲ. ಒಂದೊಂದಾಗಿ ಜರುಗಿ ಗುಂಪುಗೂಡಿದವು. ಹೈಡ್ರೋಜನ್ನಿಗೆ ಜಾಗವೇ ಸಾಲಲಿಲ್ಲ. ಮತ್ತೆ ಮೂರು ಸಲ ಮಾಡಿದರೂ ಅದೇ ಹಣೆಬರಹ.

"ಯಾರು ನೋಡ್ತಾರಮ್ಮ? ಸುಮ್ನಿರು. ನಿನ್ನ ಕೆಲಸ ಇದರ ಮೇಲೇ ನಿಂತಿದೆ" ಎಂದರು ಅವಳ ಪ್ರೊಫೆಸರು.

"ಇದನ್ನ ನಂಬ್ಕೊಂಡು ಇನ್ಯಾರೋ ವರ್ಷಗಟ್ಟಲೆ ಹಾಳು ಮಾಡ್ಕೋತಾರೆ ಸರ್" ಎಂದು ಅವಳು ಲೇಖನ ಹಿಂತೆಗೆದುಕೊಂಡಳು.

ಮನೆಗೆ ಬಂದಾಗ ಅಣ್ಣ ಒಣಗಿದ ಬಟ್ಟೆಗಳನ್ನು ಕೈಯಲ್ಲೇ ಸವರಿ ನೋಡುತ್ತ ಮಡಚುತ್ತಿದ್ದ.

"ಅಣ್ಣಾ, ನನ್ನ ಲೆಕ್ಕ ತಪ್ಪಿತ್ತು."

ಅವನ ಕೈ ನಿಂತಿತು. "ಪೂರ್ತೀನಾ?"

"ಪೂರ್ತಿ."

ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚಿದ. "ಆ ತಾಯಿಗೆ ಏನಂತ ಹೇಳೋದೇ?"

"ನಾನೇ ಹೇಳ್ತೀನಿ."

"ಬೇಡ. ಆಸೆ ಹುಟ್ಟಿಸಿದ್ದು ನಾನು."

ಅವನೇ ಫೋನ್ ಹಚ್ಚಿದ. ಅತ್ತ ಕಡೆಯಿಂದ ಆಕೆ ಏನೆಂದಳೋ, "ಹೂಂ... ಹೂಂ" ಎಂದು ಇಟ್ಟುಬಿಟ್ಟ. ಉಳಿದ ಬಟ್ಟೆಗಳನ್ನು ತಂಗಿ ಮಡಚಿಟ್ಟಳು.

ಪ್ರಯೋಗಾಲಯದಲ್ಲಿ ಅವಳ ಕೆಲಸ ಮುಂದುವರಿಯಲಿಲ್ಲ. ಈಗ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ಬಿಡುವಿನಲ್ಲಿ, ಗೆಳತಿಯೊಬ್ಬಳ ಕಂಪ್ಯೂಟರಿನಲ್ಲಿ, ಬೇರೆ ಲೋಹವಿಟ್ಟು ಲೆಕ್ಕ ಹಾಕುತ್ತಾಳೆ. ಮೊದಲೆಲ್ಲ ದಿನಾ ಸಂಜೆ "ಇವತ್ತು ಎಷ್ಟು ಹಿಡೀತು?" ಎಂದು ಕೇಳುತ್ತಿದ್ದ ಅಣ್ಣ ಈಗ ಕೇಳುವುದಿಲ್ಲ. ತಾನಾಗಿ ಹೇಳಲು ಅವಳಿಗೂ ಬಾಯಿ ಬರುವುದಿಲ್ಲ.